ಪುಟ್ಟಬಸಮ್ಮನವರ ಎಡಗೈ

ದಟ್ಟಗಳ್ಳಿಯ ಪುಟ್ಟಬಸಮ್ಮನವರಿಗೆ ಎರಡು ಸಾವಿರದ ನಾಲ್ಕರಲ್ಲಿ ಐವತ್ನಾಲ್ಕು ವರ್ಷ. ಅದುವರೆಗೆ ಅವರು ತಮ್ಮ ಎಡಗೈಯ ಬಗ್ಗೆ ಯೋಚಿಸಿದವರೇ ಅಲ್ಲ. ನೆಟ್ಟಗಿರುವ ತನಕ ಯಾರು ತಾನೇ ಯೋಚಿಸುತ್ತಾರೆ? ಶಿವರಾತ್ರಿ ಕಳೆದ ಎಂಟನೆಯ ದಿನ, ಬಾಗಿಲಿಗೆ ನೀರು ಹಾಕಿ ತಿರುಗುವಾಗ ತಾವೇ ಹಾಕಿದ ನೀರಿನಲ್ಲಿ ತಾವೇ ಜಾರಿ ಬಿದ್ದರು. ಭುಜದ ಕೆಳಗೆ ಮೂಳೆ ಮುರಿಯಿತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದರು. ಮೂಳೆಯೇನೋ ಕೂಡಿಕೊಂಡಿತು; ಭುಜ ಮಾತ್ರ ತುಕ್ಕು ಹಿಡಿದ ಬಾಗಿಲಿನ ಹಾಗೆ ಬಿಗಿದು ಕೂತಿತು.

ಬಲಗೈಯೊಂದರಲ್ಲೇ ಅಡುಗೆ ಹೇಗೋ ನಡೆಯಿತು. ಜಡೆ ಹಾಕಲು ಪಕ್ಕದ ಮನೆಯ ಮಂಗಳಮ್ಮ ಬಂದರು. ನಡೆಯದೆ ಹೋದದ್ದು ಪೂಜೆ. ಮಠದಲ್ಲಿ ದೀಕ್ಷೆಯಾದ ದಿನದಿಂದ ಅವರದ್ದು ಒಂದೇ ಪದ್ಧತಿ: ಸ್ನಾನವಾದ ಮೇಲೆ ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿದು, ನೂರೆಂಟು ಸಲ ‘ನಮಃ ಶಿವಾಯ’ ಅನ್ನುವುದು. ಆಮೇಲೆಯೇ ಕಾಫಿ. ಈಗ ಕೈ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ನಡುಗುತ್ತಿತ್ತು. ಲಿಂಗ ಜಾರಿ ನೆಲಕ್ಕೆ ಬಿದ್ದರೆ? ಆ ಯೋಚನೆಗೇ ಅವರಿಗೆ ಜೀವ ಹೋದ ಹಾಗಾಗುತ್ತಿತ್ತು.

ಗಂಡ ಶಿವಮಲ್ಲಪ್ಪ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಶಿಫ್ಟಿನ ನೆಪ ಹೇಳಿ ಪೂಜೆ ಬಿಟ್ಟವರು, ಶಿಫ್ಟು ಮುಗಿದರೂ ಶುರುಮಾಡಿರಲಿಲ್ಲ. ಅವರ ಲಿಂಗ ಇಪ್ಪತ್ತು ವರ್ಷದಿಂದ ದೇವರ ಗೂಡಿನ ಡಬ್ಬಿಯಲ್ಲಿತ್ತು. ಅಂಥವರು ಹೆಂಡತಿಯ ಕಣ್ಣೀರು ನೋಡಲಾರದೆ, ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂತು ಅವರ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟು ಹಿಡಿಯತೊಡಗಿದರು. ಹಿಡಿದದ್ದು ದೊಡ್ಡ ಮಾತೇ. ಆದರೆ ನಡುವೆ ಆಕಳಿಸುತ್ತಿದ್ದರು.

“ನನ್ನ ಲಿಂಗ ನಾನೇ ಹಿಡೀಬೇಕು ಕಣ್ರೀ,” ಎಂದರು ಪುಟ್ಟಬಸಮ್ಮ ಒಂದು ದಿನ. “ಇನ್ನೊಬ್ಬರ ಕೈ ಮೇಲೆ ಎಷ್ಟು ದಿನ ಅಂತ ನಡೆಸೋದು?”

ಇನ್ನು ಸ್ವಲ್ಪ ಸ್ವಲ್ಪವೇ ತೂಕದ ವ್ಯಾಯಾಮ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಮೇ ತಿಂಗಳಲ್ಲಿ ಅವರು ಬೇಕರಿಯ ಮಹಡಿಯ ಮೇಲಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದರು. ಹನ್ನೊಂದರಿಂದ ಒಂದರವರೆಗೆ ಅಲ್ಲಿ ಹೆಂಗಸರಿಗೆ ಮಾತ್ರ. ಕಲಿಸುವವಳು ಪವಿತ್ರ, ಊರಿನಲ್ಲಿ ರಾಗಿ ಮೂಟೆ ಎತ್ತಿ ಬೆಳೆದು, ಆಮೇಲೆ ಭಾರ ಎತ್ತುವ ಸ್ಪರ್ಧೆಗಳಲ್ಲಿ ಪದಕ ಗೆದ್ದ ಹುಡುಗಿ. ಸೀರೆಯ ಮೇಲೆ ಕ್ಯಾನ್ವಾಸ್ ಶೂ ಹಾಕಿ ಬಂದ ಪುಟ್ಟಬಸಮ್ಮನವರನ್ನು ನೋಡಿ ಅವಳು ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಯಂತ್ರದ ಮುಂದೆ ನಿಲ್ಲಿಸಿದಳು. ಇಟ್ಟಿಗೆಯ ಹಾಗೆ ಪೇರಿಸಿದ ಕಬ್ಬಿಣದ ತೂಕದ ಬಿಲ್ಲೆಗಳು, ಮೇಲೊಂದು ರಾಟೆ, ಇಳಿಬಿದ್ದ ತಂತಿಯ ತುದಿಗೊಂದು ಹಿಡಿ.

“ಅಯ್ಯೋ, ಇದು ಬಾವಿ ರಾಟೆ ಕಣಮ್ಮ!” ಎಂದು ಜಗ್ಗಿದವರೇ, ಖಾಲಿ ಕೊಡ ಬಿಡುವ ಹಾಗೆ ದಡಕ್ಕನೆ ಬಿಟ್ಟರು. ಇಡೀ ಜಿಮ್ಮು ತಿರುಗಿ ನೋಡಿತು.

“ಹಂಗೆ ಬಿಡ್ಬೇಡಿ ಅಮ್ಮ. ಎಳಿಯೋದು ಅರ್ಧ ಕೆಲ್ಸ, ನಿಧಾನಕ್ಕೆ ವಾಪಸ್ ಬಿಡೋದು ಇನ್ನರ್ಧ. ಒಂದೇ ಬಿಲ್ಲೆ ಹಾಕಿದೀನಿ, ಎಡಗೈಲಿ ಹತ್ತು ಸಲ, ಸಾಕು,” ಎಂದು ಪವಿತ್ರ ಅತ್ತ ಹೋದಳು. ಓಡುವ ಯಂತ್ರ ಹತ್ತಿದ ಹೆಂಗಸೊಬ್ಬಳು ಇಳಿಯಲು ತಿಳಿಯದೆ ಕೂಗುತ್ತಿದ್ದಳು.

ಪುಟ್ಟಬಸಮ್ಮ ಮನಸ್ಸಿನಲ್ಲೇ ‘ನಮಃ ಶಿವಾಯ’ ಎನ್ನುತ್ತ ಎಳೆದರು. ಲೆಕ್ಕಕ್ಕೆ ಬಲಗೈಯ ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಸರಿಯತೊಡಗಿತು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಸುತ್ತಿಗೆ ಹನ್ನೆರಡು. ಒಂಬತ್ತು ಸುತ್ತಿಗೆ ನೂರೆಂಟು. ಹತ್ತಾಯಿತು. ಆದರೆ ಶಿವನ ಹೆಸರು ಹಿಡಿದು ಶುರುಮಾಡಿದ್ದನ್ನು ಹತ್ತಕ್ಕೆ ಬಿಡುವುದುಂಟೇ? ನಲವತ್ತಕ್ಕೆ ಭುಜ ಉರಿಯಿತು, ಎಪ್ಪತ್ತಕ್ಕೆ ಕಣ್ಣಲ್ಲಿ ನೀರು ಬಂತು. ನೂರೆಂಟು ಮುಗಿಸಿಯೇ ಕೂತರು.

ಮರುದಿನ ಭುಜ ಊದಿಕೊಂಡಿತ್ತು. ಎದೆಯ ಮಟ್ಟಕ್ಕೆ ಬರುತ್ತಿದ್ದ ಕೈ ಈಗ ಸೊಂಟ ಬಿಟ್ಟು ಏಳಲಿಲ್ಲ. ಡಾಕ್ಟರು ಬೈದರು. ಶಿವಮಲ್ಲಪ್ಪ, “ಆತುರಗಾರನಿಗೆ ಬುದ್ಧಿ ಮಟ್ಟ ಕಣೇ,” ಎಂದರು. ಹತ್ತು ದಿನ ಪುಟ್ಟಬಸಮ್ಮ ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ಕೈ ಇನ್ನು ಹೀಗೇ ಎಂದು ಅವರಿಗೆ ಒಳಗೊಳಗೇ ಭಯವಾಗಿತ್ತು.

ಹನ್ನೊಂದನೆಯ ದಿನ ಪವಿತ್ರಳೇ ಮನೆ ಹುಡುಕಿಕೊಂಡು ಬಂದಳು. ನೂರೆಂಟರ ಕಥೆ ಕೇಳಿ ಹಣೆ ಚಚ್ಚಿಕೊಂಡಳು.

“ಜಪ ಅರ್ಧಕ್ಕೆ ಬಿಡಬಾರದು ಕಣಮ್ಮ,” ಎಂದರು ಪುಟ್ಟಬಸಮ್ಮ, ತಪ್ಪೂ ಒಪ್ಪದೆ ಸರಿಯೂ ಅನ್ನದೆ.

ಪವಿತ್ರ ತನ್ನ ಬೆರಳ ಗೆಣ್ಣುಗಳನ್ನು ಎಣಿಸಿ ನೋಡಿದಳು. “ಹತ್ತು ಬೇಡ, ಹನ್ನೆರಡೇ ಮಾಡಿ. ಬೆರಳು ಒಂದು ಸುತ್ತು ಬಂದ್ರೆ ನಿಲ್ಸಿ ಸುಧಾರಿಸ್ಕೊಳಿ. ದಿನಕ್ಕೆ ಅಂಥವು ಮೂರು. ಸೋಮವಾರ, ಬುಧವಾರ, ಶುಕ್ರವಾರ ಬನ್ನಿ. ಈಗ ಲೆಕ್ಕ ಹಾಕಿ ನೋಡಿ.”

ಮೂವತ್ತಾರು ಮೂರಲೆ ನೂರೆಂಟು. ಪುಟ್ಟಬಸಮ್ಮನವರ ಮುಖ ಅರಳಿತು. ಶುಕ್ರವಾರದ ತನಕ ಜಪ ಬಿಟ್ಟ ಹಾಗಲ್ಲ, ನಡೆಯುತ್ತಿದೆ ಅಷ್ಟೆ. ಅಷ್ಟು ಸಮಾಧಾನ ಸಾಕಾಗಿತ್ತು ಅವರಿಗೆ.

ಹನಿ ಹನಿ ಗೂಡಿದರೆ ಹಳ್ಳ. ಮೊದಲು ತೂಕವಿಲ್ಲದ ಬರಿ ತಂತಿ ಎಳೆದರು, ಆಮೇಲೆ ಒಂದು ಬಿಲ್ಲೆ, ಜುಲೈಗೆ ಎರಡು. ಒಂದು ಕಿಲೋ ಡಂಬೆಲ್ ಹಿಡಿದು ಕೈಯನ್ನು ಮುಂದಕ್ಕೆ ಚಾಚಿ ನಿಲ್ಲುವುದನ್ನೂ ಕಲಿತರು. ಹೊಸಬರು ತೂಕವನ್ನು ದಡಕ್ಕನೆ ಬಿಟ್ಟರೆ, “ನಿಧಾನ ಕಣಮ್ಮ, ಅದೇನು ಬಾವಿನಾ?” ಎಂದು ಗದರುವಷ್ಟಾದರು.

ಶ್ರಾವಣದ ಮೂರನೆಯ ಸೋಮವಾರ ಪೂಜೆಗೆ ಕೂತವರು, “ಕೈ ತೆಗೀರಿ,” ಎಂದರು. ಶಿವಮಲ್ಲಪ್ಪ ಹೆದರುತ್ತಲೇ ತೆಗೆದರು. ಲಿಂಗ ಕಣ್ಣಿನ ನೇರಕ್ಕೆ ಏರಿ ನಿಂತಿತು. ಗೆಣ್ಣಿನ ಮೇಲೆ ಒಂಬತ್ತು ಸುತ್ತು ಮುಗಿಯುವ ತನಕ ಅಲುಗಲಿಲ್ಲ. ಪುಟ್ಟಬಸಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಜೋರಾಗಿಯೇ ಅತ್ತರು.

“ನಾಳೆಯಿಂದ ನೀವು ಆರಾಮಾಗಿ ಪೇಪರ್ ಓದ್ಕೊಳಿ,” ಎಂದರು ಆಮೇಲೆ.

ಮರುದಿನ ಅವರ ಪೂಜೆ ಮುಗಿಯುವ ಹೊತ್ತಿಗೆ ಶಿವಮಲ್ಲಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ದೇವರ ಗೂಡಿನ ಡಬ್ಬಿ ಹಿಡಿದು ಬಂದು ಅದೇ ಜಾಗದಲ್ಲಿ ಕೂತರು. “ಇಷ್ಟು ದಿನ ಕೂತು ಅಭ್ಯಾಸ ಆಗ್ಬುಟ್ಟಿದೆ,” ಎಂದರು, ಹೆಂಡತಿಯ ಮುಖ ನೋಡದೆ. ತಮ್ಮ ಲಿಂಗ ತೆಗೆದು ಅಂಗೈಯಲ್ಲಿಟ್ಟು ಎತ್ತಿದರು. ಇಪ್ಪತ್ತು ವರ್ಷ ಹಿಡಿಯದ ಕೈ. ಹತ್ತು ಎಣಿಸುವಷ್ಟರಲ್ಲಿ ನಡುಗತೊಡಗಿತು.

ಪುಟ್ಟಬಸಮ್ಮ ಎದ್ದು ಬಂದು ಪಕ್ಕದಲ್ಲಿ ಕೂತು, ತಮ್ಮ ಎಡಗೈಯನ್ನೇ ಅವರ ಮೊಣಕೈ ಕೆಳಗೆ ಕೊಟ್ಟರು.

“ಇವತ್ತಿಗೆ ಹನ್ನೆರಡು ಸಾಕು ಕಣ್ರೀ,” ಎಂದರು ಮೆಲ್ಲಗೆ. “ಮಿಕ್ಕಿದ್ದು ನಾಳೆ.”