ಪೇಷೆಂಟು ಇವಳಲ್ಲ

ಮಗುವಿನ ತೂಕ ನೋಡಿ ಮುಗಿಸಿದ ನರ್ಸಮ್ಮ ನನ್ನ ಮಗಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತತೊಡಗಿದಾಗ, ‘ಪೇಷೆಂಟು ಇವಳಲ್ಲ’ ಎಂದು ತಿದ್ದಲು ನಾನು ಬಾಯಿ ತೆರೆದಿದ್ದೆ.

ಅದು ಅಮೆರಿಕದ ಕಮ್ಮಿಂಗ್‌ನ ಮಕ್ಕಳ ಕ್ಲಿನಿಕ್ಕು. ಮೊಮ್ಮಗನಿಗೆ ಆರನೇ ದಿನ. ಬಾಣಂತನಕ್ಕೆಂದು ಮೈಸೂರಿನಿಂದ ಹೋಗಿದ್ದ ನಾನು ಹತ್ತೊಂಬತ್ತು ಪ್ರಶ್ನೆಗಳ ಚೀಟಿ ಹಿಡಿದು ಕೂತಿದ್ದೆ. ಡಾಕ್ಟರ್ ಬರಲಿಲ್ಲ; ಬಂದವರು ನರ್ಸ್ ಪ್ರಾಕ್ಟೀಷನರ್. ಅಲ್ಲಿ ಇವರೇ ಪರೀಕ್ಷೆ ಮಾಡಿ ಔಷಧಿಯನ್ನೂ ಬರೆಯುತ್ತಾರಂತೆ. ನನಗೆ ನಂಬಿಕೆ ಬರದೆ, ಡಾಕ್ಟರ್ ಬಂದಾರೆಂದು ಬಾಗಿಲನ್ನೇ ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು, ಜುಲೈ ಸೆಕೆಯಲ್ಲಿ ಮಗಳ ತಲೆಗೆ ನಾನು ಬಿಗಿದಿದ್ದ ಉಣ್ಣೆಯ ಸ್ಕಾರ್ಫನ್ನು.

“ತಲೆಗೇನಾಗಿದೆ?” ಎಂದು ಕೇಳಿದರು.

“ಎರಡು ದಿನದಿಂದ ತಲೆನೋವು, ಕಣ್ಣೂ ಮಂಜು ಮಂಜು. ಕಿವಿಗೆ ಗಾಳಿ ಹೊಕ್ಕಿದೆ ಅಂತ ಅಮ್ಮ ಇದನ್ನ ಕಟ್ಟಿದಾರೆ,” ಎಂದಳು ಮಗಳು. ನೋವು ಜಾಸ್ತಿ ಎಂದಾಗಲೆಲ್ಲ ನಾನು ಇನ್ನಷ್ಟು ಬಿಗಿದಿದ್ದೆ, ಅದನ್ನವಳು ಹೇಳಲಿಲ್ಲ.

ನರ್ಸಮ್ಮ ಬಿ.ಪಿ.ಯನ್ನು ಎರಡು ಸಲ ನೋಡಿ, ತಾವೇ ಆಸ್ಪತ್ರೆಗೆ ಫೋನ್ ಮಾಡಿದರು. “ಹೆರಿಗೆಯಾದ ಮೇಲೂ ಬಿ.ಪಿ. ಹೀಗೆ ಏರುವುದುಂಟು. ಫಿಟ್ಸ್ ಬಂದೀತು. ಮನೆಗೆ ಹೋಗಬೇಡಿ, ನೇರ ಅಲ್ಲಿಗೇ ಹೋಗಿ,” ಎಂದರು.

ಮೂರು ದಿನ ಆಸ್ಪತ್ರೆಯಲ್ಲಿದ್ದು ಮಗಳು ಹುಷಾರಾಗಿ ಮನೆಗೆ ಬಂದಳು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ನಾನು ಆ ಚೀಟಿಯನ್ನು ಮತ್ತೆ ತೆಗೆದು ಓದಿದೆ. ಮಗುವಿನ ಬಿಕ್ಕಳಿಕೆಯ ಬಗ್ಗೆಯೇ ನಾಲ್ಕು ಪ್ರಶ್ನೆಗಳಿದ್ದವು. ಮಗಳ ಬಗ್ಗೆ ಒಂದೂ ಇರಲಿಲ್ಲ.