ಓಮಾ ಬರೆದಿಟ್ಟ ಊರು

ಪಕ್ಕದ ಮನೆಯ ಅಜ್ಜಿಯ ಎಡಗಿವಿಗೆ ಮೇಲಂಚು ಇರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಿಂದ ನಡೆದು ಬರುವಾಗ ಹಿಮಗಾಳಿ ಹಿಡಿದು ಅಷ್ಟು ಭಾಗ ಕಪ್ಪಾಗಿ ಉದುರಿಹೋಗಿತ್ತಂತೆ. ಬಿಳಿಗೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ, ಆ ಕಿವಿಯನ್ನು ಎಲ್ಲರಿಗೂ ಕಾಣುವಂತೆಯೇ ಬಿಟ್ಟಿದ್ದರು. ನನ್ನ ಹತ್ತು ವರ್ಷದ ಮಗಳು ಅವರ ಕುರ್ಚಿಯ ತೋಳಿನ ಮೇಲೆ ಕುಳಿತು, ಆ ಕಿವಿಯ ಅಂಚನ್ನು ಬೆರಳಿನಿಂದ ಸವರುತ್ತ ಕಥೆ ಕೇಳುವುದನ್ನು ಮೊದಲ ಸಲ ಬೇಲಿಯಾಚೆಯಿಂದ ಕಂಡಾಗ ನನಗೆ ನಗು ಬಂದಿತ್ತು. ಬರಬರುತ್ತ ಆ ನಗು ನಿಂತುಹೋಯಿತು.

ಆಗ ತೊಂಬತ್ತರ ದಶಕದ ಕೊನೆ. ಗಂಡನ ಕೆಲಸ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ, ನಮ್ಮ ಬಾಡಿಗೆ ಮನೆ ಅದರ ಹತ್ತಿರದ ಊರಾದ ಬೆಸ್ಟ್‌ನಲ್ಲಿ. ಪಕ್ಕದ ಮನೆಯಲ್ಲಿ ಅವರೊಬ್ಬರೇ. ಬೀದಿಯ ಮಕ್ಕಳೆಲ್ಲ ಅವರನ್ನು ಓಮಾ, ಅಂದರೆ ಅಜ್ಜಿ, ಎನ್ನುತ್ತಿದ್ದರು. ನನ್ನ ಮಗಳೂ ಹಾಗೇ ಕರೆದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಗದಗಿನ ಹತ್ತಿರದ ನಮ್ಮೂರಿನಿಂದ ನನ್ನ ತಾಯಿ ರವಿವಾರದ ಫೋನಿನಲ್ಲಿ "ಒಮ್ಮೆ ಆಯಿ ಅನ್ನವಾ" ಎಂದು ಕೇಳುತ್ತಿದ್ದರೆ, ಈಕೆ "ಹಲೋ" ಅಂದವಳೇ ಫೋನು ನನ್ನ ಕೈಗಿತ್ತು ಪಕ್ಕದ ಮನೆಗೆ ಓಡುತ್ತಿದ್ದಳು.

ಓಮಾ ಹುಟ್ಟಿದ್ದು ಹಾಲೆಂಡಿನಲ್ಲಾದರೂ ಬೆಳೆದದ್ದು ಕೆನಡಾದ ಹುಲ್ಲುಬಯಲಿನ ಒಂದು ಹಳ್ಳಿಯಲ್ಲಿ. ಕಮ್ಮಾರರಾಗಿದ್ದ ತಂದೆ ಸಂಸಾರ ಕಟ್ಟಿಕೊಂಡು ಹಡಗು ಹತ್ತಿದ್ದರು. ಒಂದೇ ಬೀದಿ, ನಲವತ್ತೊಂದು ಮನೆ, ಒಂದು ಕೋಣೆಯ ಶಾಲೆ, ರೈಲು ನಿಲ್ದಾಣ, ಅದರ ಪಕ್ಕದಲ್ಲಿ ಗೋಧಿ ತುಂಬಿಡುವ ಮರದ ದೊಡ್ಡ ಕಣಜ. ಕಣ್ಣು ಹಾಯುವಷ್ಟು ದೂರ ಒಂದು ದಿಬ್ಬವೂ ಇಲ್ಲ. ಹಿಮ ಸುರಿಯುವಾಗ ಮನೆಯಿಂದ ಕೊಟ್ಟಿಗೆಗೆ ಕಟ್ಟಿದ ಹಗ್ಗ ಹಿಡಿದೇ ಹಾಲು ಕರೆಯಲು ಹೋಗಬೇಕಿತ್ತು. ಮಳೆಯಿಲ್ಲದ ವರ್ಷಗಳಲ್ಲಿ ಧೂಳು ಮನೆಯೊಳಗೇ ಸುರಿಯುತ್ತಿದ್ದುದರಿಂದ ತಟ್ಟೆಗಳನ್ನು ಬೋರಲು ಇಟ್ಟು, ಬಡಿಸುವಾಗಷ್ಟೇ ತಿರುಗಿಸುತ್ತಿದ್ದರು. ಆಮೇಲೆ ರೈಲು ನಿಂತಿತು. ಕಣಜ ಕೆಡವಿದರು. ಜನ ಒಬ್ಬೊಬ್ಬರಾಗಿ ಊರು ಬಿಟ್ಟರು.

ಮದುವೆಯಾಗಿ ಇಲ್ಲಿಗೆ ಮರಳಿದ್ದ ಓಮಾ ಆ ಊರಿನ ಚರಿತ್ರೆ ಬರೆಯುತ್ತಿದ್ದರು. ಮನೆಗೆರಡು ಪುಟ. ಆರನೇ ಮನೆಯಲ್ಲಿ ಊರಿಗೆಲ್ಲ ಒಂದೇ ಪಿಯಾನೊ. ಹನ್ನೊಂದನೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಕೊನೆತನಕ ಒಂದೇ ಮೇಜಿನಲ್ಲಿ ಉಂಡವರು. "ದೊಡ್ಡ ಊರಿನ ಕಥೆ ಯಾರಾದರೂ ಬರೆಯುತ್ತಾರೆ. ಸಣ್ಣ ಊರಿನದನ್ನು ಅಲ್ಲಿ ನೆಗಡಿಯಾಗಿ ಮಲಗಿದವರೇ ಬರೆಯಬೇಕು," ಎನ್ನುತ್ತಿದ್ದರು.

ಇದಿಷ್ಟೂ ನನ್ನ ಮಗಳಿಗೆ ಬಾಯಿಪಾಠ.

ಅವಳ ಶಾಲೆಯಲ್ಲಿ ಮಕ್ಕಳು ತಮಗಿಷ್ಟವಾದ ವಿಷಯದ ಮೇಲೆ ತರಗತಿಯೆದುರು ಮಾತಾಡಬೇಕು. ಅವಳ ಸರದಿಯ ದಿನ ನನ್ನನ್ನೂ ಕರೆದಿದ್ದರು. ಹಿಂದಿನ ಸಾಲಿನಲ್ಲಿ ಕುಳಿತೆ. "ಒಂದು ಸಣ್ಣ ಊರು" ಎಂದು ಅವಳು ಶುರುಮಾಡಿದಾಗ ನಮ್ಮೂರೇ ಇರಬೇಕೆಂದು ನನ್ನ ಎದೆಯುಬ್ಬಿತು. ಆಮೇಲೆ ನಕ್ಷೆ ಬಿಚ್ಚಿದಳು. ಒಂದೇ ಬೀದಿ, ನಲವತ್ತೊಂದು ಮನೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮರಳುವ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಕೇಳಿದೆ. "ನಮ್ಮೂರಿನ ಬಗ್ಗೆ ಯಾಕ ಹೇಳಲಿಲ್ಲ?"

ಅವಳು ಡಚ್ಚಿನಲ್ಲೇ ಉತ್ತರ ಕೊಟ್ಟಳು. ಅಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿಲ್ಲವಂತೆ. ನಾನು ಯಾವತ್ತೂ ಹೇಳಿಲ್ಲವಂತೆ.

ಸಂಜೆ ಗಂಡ ನನ್ನ ಮುಖ ನೋಡಿ, "ಆ ಮುದುಕಿ ಮ್ಯಾಲೆ ಹೊಟ್ಟೆಕಿಚ್ಚೇನು ನಿನಗ?" ಅಂದರು. ನಾನು ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆದೆ. ಮರುದಿನ ಓಮಾನ ಬಾಗಿಲು ತಟ್ಟಿ, ಮಗಳಿಗೆ ಓದು ಹೆಚ್ಚಾಗಿದೆ, ಇನ್ನು ಬರಲಾಗುವುದಿಲ್ಲ ಎಂದೆ. "ಹೌದು, ಓದು ಮುಖ್ಯ," ಎಂದಷ್ಟೇ ಹೇಳಿದರು.

ಮಗಳನ್ನು ಕೂರಿಸಿಕೊಂಡು ನಮ್ಮೂರಿನ ಕಥೆ ಹೇಳತೊಡಗಿದೆ. ಎರೆಹೊಲ, ಹತ್ತಿ, ಸಿಹಿನೀರಿನ ಬಾವಿ, ಹನುಮಪ್ಪನ ಗುಡಿ. ಹತ್ತು ನಿಮಿಷಕ್ಕೆ ಊರು ಮುಗಿದುಹೋಯಿತು. ನಮ್ಮ ಮನೆಯ ಎದುರಿಗಿದ್ದವರ ಹೆಸರೂ ನಾಲಿಗೆಗೆ ಬರಲಿಲ್ಲ. ಮಗಳು ಮರ್ಯಾದೆಗೆಂಬಂತೆ ತಲೆಯಾಡಿಸಿ ಎದ್ದುಹೋದಳು. ನನ್ನ ಹೊಟ್ಟೆಕಿಚ್ಚು ಮಗಳಿಗಾಗಿ ಮಾತ್ರವಲ್ಲ, ಓಮಾನ ನೆನಪಿನ ಮೇಲೂ ಇತ್ತೆಂದು ಆಗ ಗೊತ್ತಾಯಿತು.

ಮೂರು ವಾರ ಕಳೆದ ಮೇಲೆ, ಅಂಚೆಯವನು ನಮ್ಮಲ್ಲಿ ಬಿಟ್ಟುಹೋದ ಅವರ ಪೊಟ್ಟಣ ಕೊಡಲು ಹೋದೆ. ಮೇಜಿನ ಮೇಲೆ ಕೆನಡಾದಿಂದ ಬಂದ ಒಂದು ಕಾಗದ ಒಡೆಯದೇ ಬಿದ್ದಿತ್ತು.

"ಓದಲಿಲ್ಲವೇ?" ಎಂದೆ.

"ಒಂದು ವರ್ಷದಿಂದ ಅಕ್ಷರ ಕಾಣುತ್ತಿಲ್ಲ. ನಿನ್ನ ಮಗಳೇ ಓದುತ್ತಿದ್ದಳು, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು."

"ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ?"

"ಬೇರೆಯವರಿಗೆ ಅವು ಬರೀ ಹೆಸರುಗಳು. ಅವಳಿಗೆ ಎಲ್ಲರೂ ಗೊತ್ತು."

ನಾನೇ ಒಡೆದು ಓದಿದೆ. ಬರೆದವರು ಅವರ ಸಹಪಾಠಿ, ಸ್ಟೇಷನ್ ಮಾಸ್ತರರ ಮಗಳು. ಉಳಿದಿದ್ದ ಕೊನೆಯ ಮನೆಯನ್ನೂ ಕೆಡವಿ, ಉತ್ತು, ಗೋಧಿ ಬಿತ್ತಿದ್ದಾರೆ. ಬೀದಿ ಎಲ್ಲಿತ್ತೆಂದು ಮೊಮ್ಮಕ್ಕಳಿಗೆ ತೋರಿಸಲು ಹೋಗಿ ತನಗೇ ತಿಳಿಯಲಿಲ್ಲ, ಎಂದಿತ್ತು. ಓಮಾ ಕೈಗಳನ್ನು ಮೇಜಿನ ಮೇಲೆ ಚಾಚಿ ಕುಳಿತೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ಓದಿನ ಮಾತು ಸುಳ್ಳು," ಎಂದೆ. "ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಗಿತ್ತು."

"ಗೊತ್ತು," ಅಂದರು. "ನನಗೂ ನಿನ್ನ ಮೇಲೆ ಇದೆ. ನೀನು ಫೋನು ಮಾಡಿದರೆ ನಿನ್ನ ಊರಿನಲ್ಲಿ ಇನ್ನೂ ಯಾರೋ ಎತ್ತುತ್ತಾರೆ."

ಆ ಸಂಜೆಯೇ ಮಗಳನ್ನು ಕಳಿಸಿದೆ.

ಮುಂದಿನ ವಸಂತದಲ್ಲಿ ಓಮಾ ತೀರಿಕೊಂಡರು. ಮೂವತ್ತಾರು ಮನೆಗಳನ್ನು ಬರೆದಿದ್ದರು. ಅಂತ್ಯಕ್ರಿಯೆಯ ದಿನ, ಇಲ್ಲಿನ ರೂಢಿಯಂತೆ ಬಂದವರಿಗೆ ಕಾಫಿ ಕೊಡುವ ಮೊದಲು, ಮಗಳು ಎದ್ದು ನಿಂತು ಅವುಗಳಲ್ಲಿ ಕೆಲವು ಪುಟ ಓದಿದಳು. ಅವಳ ದನಿ ಒಡೆದಾಗ ನನಗೂ ಅಳು ಬಂತು. ಜೊತೆಗೇ, ಹೇಳಿದರೆ ನಾಚಿಕೆ, ಒಳಗೆ ಮತ್ತೆ ಸಣ್ಣಗೆ ಉರಿಯಿತು.

ಸುದ್ದಿ ತಿಳಿಸಿ ಸ್ಟೇಷನ್ ಮಾಸ್ತರರ ಮಗಳಿಗೆ ನಾನೇ ಬರೆದೆ. ಅವರ ಉತ್ತರದ ಕೊನೆಯಲ್ಲಿ, ನೀವು ಯಾವ ಊರಿನವರು, ಅದು ಹೇಗಿದೆ, ಎಂದು ಕೇಳಿದ್ದರು. ಹಾಳೆ ಇಟ್ಟುಕೊಂಡು ತಾಯಿಗೆ ಫೋನು ಮಾಡಿದೆ. ಊರ ಮುಂದಿನ ಅಗಸಿ ಬಾಗಿಲಿನಿಂದ ಹಿಡಿದು ಯಾರ ಮನೆ, ಯಾವ ಮನೆ ಎಂದು ಕೇಳುತ್ತ ಬರೆದುಕೊಂಡೆ. ಇಪ್ಪತ್ತೆರಡನೇ ಮನೆಗೆ ಬರುವಷ್ಟರಲ್ಲಿ ತಾಯಿಗೆ ದಣಿವಾಗಿತ್ತು.

"ಇದೆಲ್ಲಾ ಯಾರಿಗೆ ಬೇಕಾಗೇದವಾ?"

"ನನಗ ಬೇಕು," ಅಂದೆ. "ಮುಂದಿನ ಮನಿ ಹೇಳು."