ಬಲೆಯ ಮೇಲಿನದು, ಬಲೆಯ ಕೆಳಗಿನದು

೨೦೧೯ನೆಯ ಇಸವಿ, ನನಗಾಗ ನಲವತ್ತಾರು ವರ್ಷ. ಸಾದಲಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅಲ್ಲಿನ ವಿಜ್ಞಾನದ ಮೇಷ್ಟ್ರ ಉಗುರಿನ ಅಂಚು ಸದಾ ಬೆಳ್ಳಗಿರುತ್ತಿತ್ತು. ಅದು ಸೀಮೆಸುಣ್ಣವಲ್ಲ, ರೇಷ್ಮೆಹುಳುಗಳ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ. ತಮ್ಮ ಹುಳುಮನೆಗೆ ಬಂದವರ ಕಾಲನ್ನು ಮೊದಲು ನೋಡುತ್ತಿದ್ದರು, ಮುಖವನ್ನು ಆಮೇಲೆ.

ಆ ವರ್ಷ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರಿಗೆ ಆಲ್ಜೈಮರ್ ಕಾಯಿಲೆಯೆಂದರು. ಹಿಂತಿರುಗುವ ಬಸ್ಸಿನಲ್ಲಿ, ಜೊತೆಗೆ ಹೋಗಿದ್ದ ನನಗೂ ಅವರ ಹೆಂಡತಿಗೂ ಪಾಠ ಮಾಡಿದವರು ಅವರೇ.

“ಜೀವಕೋಶನೂ ಹುಳದ ತಟ್ಟೆ ಇದ್ದಂಗೆ ಸಾರ್. ಕೆಟ್ಟ ಪ್ರೋಟೀನನ್ನ ದಿನಾ ಒಡೆದು ತೆಗೀತಿರ್ಬೇಕು. ಮಿದುಳಲ್ಲಿ ಆ ಕೆಲಸ ಕುಂಟಿದ್ರೆ ಕಸ ಕೂಡ್ತದೆ, ಕೋಶ ಸಾಯ್ತದೆ. ಕೆಲಸ ಕೆಟ್ಟು ಕಾಯಿಲೆ ಬಂತೋ, ಕಾಯಿಲೆ ಬಂದು ಕೆಲಸ ಕೆಡ್ತೋ, ಅದಿನ್ನೂ ಪೂರ್ತಿ ಗೊತ್ತಿಲ್ಲ.”

ಹುಳುಮನೆಗೆ ಅಂದೇ ಬೀಗ ಹಾಕಬೇಕೆಂದರು ಅವರ ಹೆಂಡತಿ.

“ಅದೊಂದು ನಂಗೆ ಬಿಡೇ,” ಎಂದು ಮೇಷ್ಟ್ರು ನನ್ನತ್ತ ತಿರುಗಿದರು. “ಹುಳ ಯಾವುದು ಕಸ ಯಾವುದು ನಂಗೆ ತಿಳೀದೆ ಹೋದ ದಿನ ನೀವು ಬಂದು ಹೇಳಿ ಸಾರ್. ಬೀಗದ ಕೈ ನಾನೇ ಕೊಡ್ತೀನಿ.”

ನಾನು ಒಪ್ಪಿದೆ.

ಹಾಸಿಗೆ ಬದಲಿಸಲು ಒಂದು ಕ್ರಮವಿದೆ. ಹುಳುಗಳ ಮೇಲೆ ಬಲೆ ಹಾಸಿ, ಅದರ ಮೇಲೆ ಹೊಸ ಸೊಪ್ಪು ಹರಡಬೇಕು. ಹಸಿದ ಹುಳುಗಳು ಬಲೆಯ ಕಣ್ಣುಗಳಿಂದ ಮೇಲೆ ಹತ್ತುತ್ತವೆ. ಆಗ ಬಲೆಯನ್ನೆತ್ತಿ ಬೇರೆ ತಟ್ಟೆಗಿಟ್ಟು, ಕೆಳಗುಳಿದ ಹಿಕ್ಕೆ, ಒಣಸೊಪ್ಪುಗಳನ್ನು ತಿಪ್ಪೆಗೆ ಸುರಿಯಬೇಕು. ಹೆಂಡತಿಯ ಹೆಸರನ್ನು ಮರೆತ ಮೇಲೂ ಮೇಷ್ಟ್ರ ಕೈ ಇದರಲ್ಲಿ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಆಕೆ ನನ್ನನ್ನು ಕರೆಸಿದರು. ತಿಪ್ಪೆಯ ತುಂಬ ಕಾಗೆಗಳು. ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದ ಹುಳುಗಳೆಲ್ಲ ಅಲ್ಲಿದ್ದವು. ಒಳಗೆ ಮೇಷ್ಟ್ರು ಹಿಕ್ಕೆಯ ಮೇಲೆ ಸುಣ್ಣ ಉದುರಿಸಿ, ಸೊಪ್ಪು ಹಾಕುತ್ತಿದ್ದರು.

“ಹಿಕ್ಕೆಗೆ ಮೇವು ಹಾಕ್ತಾವ್ರೆ, ನೋಡಿ ಕಣ್ತುಂಬ,” ಎಂದರು ಆಕೆ. “ಅವತ್ತು ಒಪ್ಕೊಂಡಿದ್ದು ನೀವೇ ಅಲ್ವಾ? ಈಗ ಹೇಳಿ.”

“ಮೇಷ್ಟ್ರೇ, ನೀವು ಎಸೆದಿದ್ದು ಹುಳ. ಇದು ಕಸ,” ಎಂದೆ.

ಅವರು ನನ್ನ ಕಾಲನ್ನು ನೋಡಿದರು. “ಚಪ್ಪಲಿ ಹಾಕ್ಕೊಂಡು ಬಂದಿದ್ದೀಯಲ್ಲಪ್ಪ. ಯಾವ ಕ್ಲಾಸು ನೀನು?” ಅನಂತರ ತಾಳ್ಮೆಯಿಂದ ತಿಳಿಯಹೇಳಿದರು: “ಕಸ ತೆಗೀದೆ ಹೋದ್ರೆ ಜೀವ ಸಾಯ್ತದೆ. ಅದಕ್ಕೇ ತೆಗೆದೆ.”

ಪಾಠದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬೀಗದ ಕೈ ಕೇಳಿದೆ. ಅವರು ಕೊಡಲಿಲ್ಲ, ಮುಷ್ಟಿಯಲ್ಲಿ ಬಿಗಿಹಿಡಿದರು. ಹೆಂಡತಿ ಅವರ ಮುಂಗೈ ಹಿಡಿದುಕೊಂಡರು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಉಗುರಿನ ಸುಣ್ಣ ನನ್ನ ಅಂಗೈಗೆ ಹತ್ತಿತು. ಅಂದು ೨೦೨೩ನೆಯ ಇಸವಿ ನವೆಂಬರ್ ೮, ಬುಧವಾರ.